ಕಬ್ಬಿಣವಿಲ್ಲದ ಕೇಬಲ್

ಬೆಟ್ಟದಪುರದ ರುದ್ರಸ್ವಾಮಿ ಹದಿನೈದು ವರ್ಷ ಕಂಬ ಹತ್ತಿದವನು. ೧೯೯೩ರಲ್ಲಿ ಊರಿಗೆ ಮೊದಲ ಡಿಶ್ ತಂದು ತಾರಸಿಯ ಮೇಲೆ ನಿಲ್ಲಿಸಿದ. ಬೀದಿಬೀದಿಗೂ ಕಪ್ಪು ಕೇಬಲ್ ಎಳೆದು ಮುನ್ನೂರು ಮನೆಗಳಿಗೆ ಟಿವಿ ತೋರಿಸಿದ. ಹತ್ತಿ ಇಳಿದು, ಹತ್ತಿ ಇಳಿದು ಮಂಡಿಚಿಪ್ಪು ಸವೆದವು. ‘ಚಿತ್ರ ಬತ್ತಾ ಇಲ್ಲ’ ಎನ್ನುವ ದೂರು ಕೇಳಿ ಕೇಳಿ ಕಿವಿಯೂ ಸೋತಿತು. ಅಷ್ಟರಲ್ಲಿ ಸಣ್ಣ ಸಣ್ಣ ಡಿಶ್ಶುಗಳು ಮನೆಮನೆಯ ಹೆಂಚಿನ ಮೇಲೂ ಬಂದು ಕೂತು, ಅವನ ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಳ್ಳತೊಡಗಿದರು. ವಯಸ್ಸು ಐವತ್ತೊಂದು. ಇನ್ನು ಸಾಕು, ಬಾಗಿಲು ಹಾಕೋಣ ಎಂದುಕೊಂಡಿದ್ದ ಹೊತ್ತಿಗೆ, ೨೦೦೮ರ ಜನವರಿಯ ಒಂದು ಬೆಳಗ್ಗೆ ಮಹದೇವಯ್ಯ ಮೇಷ್ಟ್ರು ಬಂದು ಜಗಲಿಯ ಮೇಲೆ ಕೂತರು.

ಮೇಷ್ಟ್ರು ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಸುಮ್ಮನೆ ಕೂರಲಾಗದ ಜೀವ. ಬೆಟ್ಟದಪುರ ಮತ್ತು ಸುತ್ತಲಿನ ಐದು ಹಳ್ಳಿಗಳವರನ್ನು ಕೂಡಿಸಿ ಒಂದು ಸಮಿತಿ ಕಟ್ಟಿದ್ದರು. ಇಂಟರ್‌ನೆಟ್ಟು ಬೆಟ್ಟದಪುರದ ದೂರವಾಣಿ ಕಚೇರಿಯವರೆಗೆ ಬಂದು ನಿಂತಿತ್ತು. ಅಲ್ಲಿಂದ ಮುಂದಕ್ಕೆ ಹಳ್ಳಿಗಳಿಗೆ ಒಯ್ಯಲು ಯಾರೂ ತಯಾರಿರಲಿಲ್ಲ. ಯಾರೂ ಬರದಿದ್ದರೆ ನಾವೇ ಎಳೆದುಕೊಳ್ಳೋಣ ಎಂದು ಸಮಿತಿ ಹೊರಟಿತ್ತು. ಶಾಲೆಗೆ, ಹಾಲಿನ ಡೈರಿಗೆ, ಆಸ್ಪತ್ರೆಗೆ ಒಂದೊಂದು ಸಂಪರ್ಕ. ಹೊಗೆಸೊಪ್ಪಿನ ರೈತರಿಗೆ ಇನ್ನೂ ದೊಡ್ಡ ಆಸೆಯಿತ್ತು. ಕಟ್ಟೆಮಳಲವಾಡಿಯ ಹರಾಜಿನಲ್ಲಿ ಯಾವ ದರ್ಜೆಯ ಸೊಪ್ಪು ಏನು ಬೆಲೆಗೆ ಹೋಯಿತು ಎಂಬುದು ಅದೇ ದಿನ ಊರಲ್ಲೇ ಗೊತ್ತಾಗಬೇಕು, ಬೇಲು ಹೇರಿಕೊಂಡು ಹೋಗಿ ಪೆಚ್ಚುಮೋರೆ ಹಾಕಿಕೊಂಡು ಬರುವುದು ತಪ್ಪಬೇಕು. ಮೈಸೂರಿನ ಒಂದು ಟ್ರಸ್ಟು ಕೇಬಲ್ಲಿನ ಖರ್ಚು ಕೊಡಲು ಒಪ್ಪಿತ್ತು, ಒಂದೇ ಸಲಕ್ಕೆ, ಇಷ್ಟೇ ಎಂದು.

“ಯಾವ ಕೇಬಲ್ಲು, ಎಲ್ಲಿ ಹೇಗೆ ಎಳೀಬೇಕು, ನಮಗೊಂದೂ ತಿಳಿಯಲ್ಲ ಕಣಯ್ಯ. ಈ ಸೀಮೇಲಿ ಕಂಬ ಹತ್ತಿ ಗೊತ್ತಿರೋನು ನೀನೊಬ್ಬ. ನೀನು ಯಾವುದು ಅಂದ್ರೆ ಅದೇ,” ಅಂದರು ಮೇಷ್ಟ್ರು.

ಒಲ್ಲೆ ಎನ್ನಬೇಕೆಂದು ರುದ್ರಸ್ವಾಮಿಯ ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಮೂರನೆಯ ತರಗತಿಯಲ್ಲಿ ಮಗ್ಗಿ ಕಲಿಸಿದ ಮೇಷ್ಟ್ರಿಗೆ ಒಲ್ಲೆ ಎನ್ನುವುದು ಹೇಗೆ? ಹೂಂ ಅಂದ. ಅವರು ಹೋದ ಮೇಲೆ ಹೆಂಡತಿ ಸುಂದ್ರಮ್ಮ ಒಳಗಿನಿಂದಲೇ ಕೂಗಿದಳು: “ಅಂಗಡಿ ಮುಚ್ತೀನಿ ಅಂದೋರು ಇನ್ನೊಂದ್ ಅಂಗಡಿ ತಗದ್ರಾ?”

ಮೂರು ದಿನ ಅವನು ಆರು ಊರುಗಳ ದಾರಿಯನ್ನು ಕಾಲ್ನಡಿಗೆಯಲ್ಲಿ ಅಳೆದ. ಕಂಬದಿಂದ ಕಂಬಕ್ಕೆ ಎಷ್ಟು ಹೆಜ್ಜೆ, ಎಲ್ಲಿ ಹುಣಸೆ ಕೊಂಬೆ ತಾಗುತ್ತದೆ, ಹುಲ್ಲು ಹೇರಿದ ಟ್ರಾಕ್ಟರು ಎಲ್ಲಿ ರಸ್ತೆ ದಾಟುತ್ತದೆ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ನೆಲದಡಿ ಹೂಳುವ ಮಾತನ್ನು ಮೊದಲೇ ಬಿಟ್ಟ. ಬೆಟ್ಟದ ಬುಡದಲ್ಲಿ ಗುದ್ದಲಿ ಹಾಕಿದರೆ ಬಂಡೆ. ಬಂಡೆಯಿಲ್ಲದ ಕಡೆ ವರ್ಷಕ್ಕೊಂದು ಸಲ ನೀರಿನ ಪೈಪಿಗೆಂದು ಜೆಸಿಬಿ ಅಗೆಯುತ್ತದೆ. ಹೂತದ್ದು ಎಲ್ಲಿದೆ ಎಂದು ಅಗೆಯುವವನಿಗೆ ಗೊತ್ತಿರುವುದಿಲ್ಲ. ಹಾಗಾಗಿ ಮೇಲೆಯೇ ಎಳೆಯಬೇಕು, ಕರೆಂಟಿನ ಕಂಬಗಳ ಮೇಲೆಯೇ. ವಿದ್ಯುತ್ ಕಚೇರಿಯ ಅನುಮತಿಯನ್ನು ಮೇಷ್ಟ್ರು ಆಗಲೇ ಬರೆಸಿಕೊಂಡು ಬಂದಿದ್ದರು.

ನಾಲ್ಕನೆಯ ದಿನ ಮೈಸೂರಿನಿಂದ ಕೇಬಲ್ ಮಾರುವ ಉಮಾಶಂಕರ ಎಂಬಾತ ಮೊಳದುದ್ದದ ಎರಡು ಮಾದರಿಗಳನ್ನು ತಂದುಕೊಟ್ಟು ಹೋದ. ಒಂದರಲ್ಲಿ ಕೇಬಲ್ಲಿನ ನೆತ್ತಿಯ ಮೇಲೆ ಉಕ್ಕಿನ ತಂತಿಯೊಂದು ಅಂಟಿಕೊಂಡಿತ್ತು. ಎರಡಕ್ಕೂ ಸೇರಿ ಒಂದೇ ಕಪ್ಪು ತೊಗಲು, ಕೊಯ್ದು ನೋಡಿದರೆ ಇಂಗ್ಲಿಷಿನ ಎಂಟರ ಆಕಾರ. ಭಾರವನ್ನೆಲ್ಲ ಉಕ್ಕು ಹೊರುತ್ತದೆ, ಇಂಟರ್‌ನೆಟ್ಟನ್ನು ಬೆಳಕಾಗಿ ಒಯ್ಯುವ ಕೂದಲೆಳೆಯಂಥ ಗಾಜಿನ ನಾರು ಕೆಳಗೆ ಸುಖವಾಗಿ ತೂಗುತ್ತದೆ. ಇನ್ನೊಂದು ಬರೀ ಗುಂಡಗಿನ ಕೇಬಲ್ಲು. ಅದರೊಳಗೆ ಚೂರೂ ಲೋಹವಿಲ್ಲ, ಕರೆಂಟು ಹರಿಯುವ ಮಾತೇ ಇಲ್ಲ. ಸುತ್ತಲೂ ತುಂಬಿದ ಹಳದಿ ನೂಲೇ ಅದರ ಶಕ್ತಿ. ರುದ್ರಸ್ವಾಮಿ ಆ ನೂಲನ್ನು ಬೆರಳಿಗೆ ಸುತ್ತಿಕೊಂಡು ಎಳೆದ. ಬೆರಳು ಕೊಯ್ದಿತೇ ಹೊರತು ನೂಲು ಹರಿಯಲಿಲ್ಲ.

ಸಮಸ್ಯೆ ಒಂದೇ. ಟ್ರಸ್ಟಿನವರು ಕೊಡುವುದರಲ್ಲಿ ಉಕ್ಕಿನ ಕೇಬಲ್ಲಾದರೆ ಆರು ಊರಿಗೂ ಮುಟ್ಟುತ್ತಿತ್ತು. ನೂಲಿನದು ದುಬಾರಿ, ಐದೇ ಊರಿಗೆ. ಕೊನೆಯದಾದ ತೊರೆಕೊಪ್ಪಲು ಬಿಟ್ಟುಹೋಗುತ್ತಿತ್ತು.

ಮಾದರಿಗಳನ್ನು ಅವನು ಕೇಬಲ್ ಆಫೀಸಿನ ಮೇಜಿನ ಮೇಲೆ ಇಟ್ಟಿದ್ದ. ಮನೆಯ ಮಗ್ಗುಲಿನ ಆ ಸಣ್ಣ ಕೋಣೆಯಲ್ಲಿ ಪೆಟ್ಟಿಗೆಗಳ ಮುಂದೆ ಕೂತು ಚಾನೆಲ್ಲುಗಳನ್ನು ನೋಡಿಕೊಳ್ಳುತ್ತಿದ್ದವನು ಕಂಠಪ್ಪ. ರುದ್ರಸ್ವಾಮಿಯ ಓರಗೆಯವನು, ತೊರೆಕೊಪ್ಪಲಿನವನು, ಒಂದೇ ಶಾಲೆಯಲ್ಲಿ ಓದಿದವನು. ಮೊದಲ ಆರು ವರ್ಷ ಇಬ್ಬರೂ ಜೊತೆಯಾಗಿಯೇ ಕಂಬ ಹತ್ತಿದ್ದರು. ಕಂಠಪ್ಪನಿಗೆ ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಅವನು ಎಡಗೈಯಿಂದ ಉಕ್ಕಿನ ಮಾದರಿಯನ್ನು ಎತ್ತಿ, ತೂಗಿ ನೋಡಿ ಇಟ್ಟುಬಿಟ್ಟ.

ಅದು ಆದದ್ದು ೧೯೯೯ರ ಜೂನಿನಲ್ಲಿ. ಟಿವಿಯಲ್ಲಿ ಕ್ರಿಕೆಟ್ ವಿಶ್ವಕಪ್ ನಡೆಯುತ್ತಿತ್ತು. ಮಧ್ಯಾಹ್ನ ಗಾಳಿಮಳೆ ಬೀಸಿ ಕೆರೆಬೀದಿಯ ಕೇಬಲ್ಲು ಕಿತ್ತುಹೋಯಿತು, ಕರೆಂಟೂ ಹೋಯಿತು. ಕರೆಂಟು ಬರುವುದರೊಳಗೆ ಕೇಬಲ್ ಸರಿಯಾಗಬೇಕೆಂದು ಜನ ಮನೆಯ ಮುಂದೆ ಬಂದು ನಿಂತರು. ಆಗಿನ ಕೇಬಲ್ಲಿನ ಭಾರ ಹೊರಲು ಕಂಬದಿಂದ ಕಂಬಕ್ಕೆ ಉಕ್ಕಿನ ತಂತಿ ಕಟ್ಟುತ್ತಿದ್ದರು. ಕಂಠಪ್ಪ ಕಂಬ ಹತ್ತಿ ಆ ತಂತಿಯನ್ನು ಹಿಡಿದು ಬಿಗಿಯುತ್ತಿದ್ದ. ಎರಡು ಕಂಬಗಳಾಚೆ, ಮರದ ಮರೆಯಲ್ಲಿ, ಅದೇ ತಂತಿ ಕರೆಂಟಿನ ತಂತಿಯ ಮೇಲೆ ಬಿದ್ದುಕೊಂಡಿದ್ದುದನ್ನು ಯಾರೂ ಕಂಡಿರಲಿಲ್ಲ. ಇದ್ದಕ್ಕಿದ್ದಂತೆ ಕರೆಂಟು ಬಂತು. ಮೈಸೂರಿನ ಆಸ್ಪತ್ರೆಯಲ್ಲಿ ಕಂಠಪ್ಪನ ಜೀವ ಉಳಿಯಿತು, ಕೈ ಉಳಿಯಲಿಲ್ಲ.

‘ಹಾಳು ಕರೆಂಟು, ಹೇಳದೆ ಕೇಳದೆ ಬಂತು’ ಎಂದು ಊರು ಮಾತಾಡಿಕೊಂಡಿತು. ರುದ್ರಸ್ವಾಮಿ ಆ ಮಾತನ್ನು ಹಾಗೆಯೇ ಇರಗೊಟ್ಟ. ಕಂಠಪ್ಪನಿಗೆ ಆಫೀಸಿನಲ್ಲಿ ಕೂರುವ ಕೆಲಸ ಕೊಟ್ಟ, ಒಂದು ತಿಂಗಳೂ ಸಂಬಳ ತಪ್ಪಿಸಲಿಲ್ಲ. ದಿನಾ ಬೆಳಗ್ಗೆ ಇಬ್ಬರೂ ಒಟ್ಟಿಗೆ ಟೀ ಕುಡಿಯುತ್ತಿದ್ದರು. ಒಂಬತ್ತು ವರ್ಷ ಹಾಗೆಯೇ ಕಳೆದಿತ್ತು.

ಸಭೆ ಹಾಲಿನ ಡೈರಿಯ ಹಜಾರದಲ್ಲಿ ಸೇರಿತು. ಆರೂ ಊರಿನವರು ಬಂದಿದ್ದರು. ತೊರೆಕೊಪ್ಪಲಿನ ಪರವಾಗಿ ಬಂದಿದ್ದವರು ಮಲ್ಲಾಜಮ್ಮ, ಅರವತ್ತು ದಾಟಿದ ಹೆಂಗಸು, ಅಲ್ಲಿನ ಹೆಣ್ಣುಮಕ್ಕಳ ಹಾಲಿನ ಸಂಘವನ್ನು ಕಟ್ಟಿ ನಿಲ್ಲಿಸಿದವರು. ಕಂಠಪ್ಪ ಹಿಂದಿನ ಬೆಂಚಿನಲ್ಲಿ ಕೂತಿದ್ದ. ರುದ್ರಸ್ವಾಮಿ ಎದ್ದು, ನೂಲಿನ ಕೇಬಲ್ಲೇ ಆಗಬೇಕು, ಈ ವರ್ಷಕ್ಕೆ ತೊರೆಕೊಪ್ಪಲು ಬಿಡಬೇಕಾಗುತ್ತದೆ ಎಂದು ಚುಟುಕಾಗಿ ಹೇಳಿ ಕೂತ.

ಮಲ್ಲಾಜಮ್ಮ ಸೆರಗು ಸರಿಪಡಿಸಿಕೊಂಡು ಎದ್ದರು. “ಬಸ್ಸು ಬಂದ್ರೆ ನಮ್ಮೂರ್ ಬುಟ್ಟು, ಟಾರು ಬಂದ್ರೆ ನಮ್ಮೂರ್ ಬುಟ್ಟು. ಈಗ ಇದೂವೆ? ಉಕ್ಕಿಂದಾದ್ರೆ ಎಲ್ರಿಗೂ ಬತ್ತದೆ ಅಂತೀರಿ. ಮತ್ತೆ ಅದುನ್ನೇ ಆಕಿ ಸ್ವಾಮ್ಯೋರೆ. ನಿಮ್ಗೇನ್ ಕಷ್ಟ?”

ಉಮಾಶಂಕರನೂ ಅಲ್ಲಿದ್ದ. “ಅಮ್ಮ ಹೇಳೋದು ಸರಿ ಸಾರ್. ಎಷ್ಟೋ ಕಡೆ ಉಕ್ಕಿನದೇ ಹಾಕಿದಾರೆ. ಅಲ್ಲಲ್ಲಿ ಅರ್ಥಿಂಗ್ ಕೊಟ್ಟು, ಕರೆಂಟ್ ತಂತಿಯಿಂದ ಸರಿಯಾಗಿ ಅಂತರ ಬಿಟ್ರೆ ಏನೂ ಆಗಲ್ಲ,” ಅಂದ.

“ಈಗ ಕೊಡ್ತೀವಪ್ಪ ಅರ್ಥಿಂಗು,” ಅಂದ ರುದ್ರಸ್ವಾಮಿ. “ತಾಮ್ರದ ತಂತಿ ನೆಲಕ್ಕೆ ಇಳುದ್ರೆ ಆರ್ ತಿಂಗ್ಳೂ ಉಳಿಯಲ್ಲ ಇಲ್ಲಿ, ಕತ್ತರಿಸ್ಕಂಡ್ ಓಯ್ತಾರೆ. ಐದ್ ವರ್ಷ ಆದ್ಮೇಲೆ ಕಂಬಕಂಬಕ್ಕೂ ಓಗಿ ನೋಡೋರ್ಯಾರು? ಬಿಗಿದಿದ್ದು ಸಡ್ಲ ಆಯ್ತದೆ. ಅಂತರ ಅಂತೀರಿ, ಗಾಳಿ ಅಂತರ ಕೇಳ್ತದಾ?”

“ಅದೊಂದ್ಸಲ ಆಗಿದ್ದು ಗ್ರಹಚಾರ ಕಣ್ರೀ,” ಎಂದು ಮುಂದಿನ ಸಾಲಿನಿಂದ ಯಾರೋ ಅಂದರು. “ಹೇಳ್ದೆ ಕರೆಂಟ್ ಬಿಟ್ರೆ ಯಾರೇನ್ ಮಾಡಾಕಾಯ್ತದೆ? ಅದ್ಕೋಸ್ಕರ ಒಂದೂರನ್ನೇ ಬುಡೋದಾ?”

ರುದ್ರಸ್ವಾಮಿಗೆ ಆ ಕ್ಷಣ ಎಂಥ ಆಯಾಸ ಬಂತೆಂದರೆ, ಒಂಬತ್ತು ವರ್ಷದಿಂದ ಬಾಗಿಲಿಗೆ ಒತ್ತಿಕೊಟ್ಟಿದ್ದ ಬೆನ್ನು ತಾನಾಗಿಯೇ ಜಾರಿಹೋಯಿತು. ಹೇಳಬೇಕೆಂದು ಅವನೇನೂ ಹೊರಟಿರಲಿಲ್ಲ. ಬಾಯಿ ಹೇಳಿಬಿಟ್ಟಿತು.

“ಹೇಳ್ದೆ ಬಿಟ್ಟಿರ್ಲಿಲ್ಲ. ನಂಗ್ ಏಳಿದ್ರು. ಅತ್ತು ನಿಮ್ಸದಲ್ಲಿ ಕರೆಂಟ್ ಬಿಡ್ತೀವಿ ಅಂತ ಲೈನ್‌ಮನ್ನು ನಂಗೆ ಏಳೇ ಓಗಿದ್ದ. ಅತ್ತು ನಿಮ್ಸ ಸಾಕು ಅಂದ್ಕಂಡೆ. ಕಂಠಪ್ಪುಂಗೆ ಏಳ್ನಿಲ್ಲ. ಏಳಿದ್ರೆ ಅವ್ನು ಕಂಬ ಅತ್ತತಾನೇ ಇರ್ಲಿಲ್ಲ. ಲೈನ್ ಆಫ್ ಐತೆ, ಕಂಬ ಅತ್ತು ಅಂದೆ.”

ಹಿಂದಿನ ಬೆಂಚು ಕಿರ್ ಎಂದಿತು. ಕಂಠಪ್ಪ ಎದ್ದು, ಯಾರ ಮುಖವನ್ನೂ ನೋಡದೆ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಆಮೇಲೆ ವಾದವೇ ನಡೆಯಲಿಲ್ಲ. ನೂಲಿನ ಕೇಬಲ್ಲೇ ಆಗಲಿ ಎಂದು ಕೈಗಳು ಎದ್ದವು. ಮಲ್ಲಾಜಮ್ಮ ಮಾತ್ರ ಕೈ ಎತ್ತಲಿಲ್ಲ. ಹೋಗುವಾಗ ರುದ್ರಸ್ವಾಮಿಯ ಮುಂದೆ ನಿಂತು ಅಂದರು: “ಮಾಡಿದ್ದು ನೀವು. ಕೈ ಕಳ್ಕಂಡೋನು ನಮ್ಮೂರೋನು. ಈಗ ಕೇಬಲ್ ಇಲ್ದೆ ಇರೋದೂ ನಮ್ಮೂರೇ. ನೋಡಿ ಸ್ವಾಮ್ಯೋರೆ, ಎಂಗೈತೆ ನ್ಯಾಯ.”



ಮಾರನೆಯ ದಿನ ಕಂಠಪ್ಪ ಆಫೀಸಿಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಸುಂದ್ರಮ್ಮ ಎರಡು ಲೋಟ ಟೀ ಮಾಡುವ ರೂಢಿಯಲ್ಲಿ ಎರಡನ್ನೂ ತಂದಿಟ್ಟು, ಒಂದನ್ನು ಸುಮ್ಮನೆ ಒಳಗೆ ಒಯ್ದಳು. ಅವಳೂ ಆ ಸಂಗತಿಯನ್ನು ಮೊದಲ ಸಲ ಕೇಳಿದ್ದಳು. ಗಂಡನನ್ನು ಒಂದು ವಾರ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು.

ಮಾರ್ಚಿನಲ್ಲಿ ಕೇಬಲ್ಲಿನ ದೊಡ್ಡ ದೊಡ್ಡ ಮರದ ಉರುಳೆಗಳು ಲಾರಿಯಲ್ಲಿ ಬಂದಿಳಿದವು. ಹುಣಸೂರಿನಿಂದ ನಾಲ್ಕು ಜನ ಕೆಲಸಗಾರರು ಬಂದರು. ರುದ್ರಸ್ವಾಮಿ ಕಂಬ ಹತ್ತಲಿಲ್ಲ, ಹತ್ತುವ ಮಂಡಿಯೂ ಉಳಿದಿರಲಿಲ್ಲ. ಬಿಸಿಲಿನಲ್ಲಿ ಕೊಡೆ ಹಿಡಿದು ಕೆಳಗೆ ನಿಂತು, ಎಷ್ಟು ಬಿಗಿಯಬೇಕು ಎಂದು ಹೇಳುತ್ತಿದ್ದ. ಬಿಗಿ ಹೆಚ್ಚಾದರೆ ಒಳಗಿನ ಗಾಜಿಗೆ ಪೆಟ್ಟು. ಸಡಿಲವಾದರೆ ಬೇಸಿಗೆಯಲ್ಲಿ ಜೋತುಬಿದ್ದು ಹುಲ್ಲಿನ ಲೋಡಿಗೆ ಸಿಕ್ಕಿಕೊಳ್ಳುತ್ತದೆ. ರಸ್ತೆ ದಾಟುವ ಕಡೆಯೆಲ್ಲ ಗಳುವಿನ ತುದಿಗೆ ಬಟ್ಟೆ ಕಟ್ಟಿ ಎತ್ತರ ನೋಡಿದ. ಸಂಜೆ ಮನೆಗೆ ಬಂದರೆ ಜಗಲಿಯ ಮೇಲೆ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದವು. ಸುಂದ್ರಮ್ಮ ಊಟಕ್ಕೆ ಎಬ್ಬಿಸಬೇಕಾಗುತ್ತಿತ್ತು.

ಐದನೆಯ ಊರಿನ ಕೆಲಸ ಮುಗಿದ ಮಧ್ಯಾಹ್ನ ಅವನು ಮನೆಯ ಕಡೆ ತಿರುಗದೆ ಕೆರೆಯ ಕೋಡಿ ದಾಟಿ ತೊರೆಕೊಪ್ಪಲಿಗೆ ನಡೆದ. ಕಂಠಪ್ಪ ಕೊಟ್ಟಿಗೆಯ ಮುಂದೆ ಕೂತು, ಹಗ್ಗದ ಒಂದು ತುದಿಯನ್ನು ಕಾಲಬೆರಳಿನಲ್ಲಿ ಹಿಡಿದು ಎಡಗೈಯಲ್ಲಿ ಹೊಸೆಯುತ್ತಿದ್ದ. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ರುದ್ರಸ್ವಾಮಿ ಎದುರಿನ ಒರಳುಕಲ್ಲಿನ ಮೇಲೆ ಕೂತ.

“ಕಂಠಪ್ಪ, ತಪ್ಪಾಯ್ತು.”

“ಯಾವುದ್ರುದ್ದು?”

“ಆವತ್ತಿಂದು.”

ಕಂಠಪ್ಪ ಹೊಸೆಯುವುದನ್ನು ನಿಲ್ಲಿಸಲಿಲ್ಲ. “ಆವತ್ತಿಂದು ಇರ್ಲಿ. ಮೋಡ, ಗಾಳಿ, ಜನದ ಗಲಾಟೆ, ನಂಗೂ ಗೊತ್ತಿತ್ತು ಅವಸರ ಅಂತ. ಒಂಬತ್ ವರ್ಷ ದಿನಾ ನನ್ ಎದುರಿಗೆ ಕೂತ್ಕಂಡು ಟೀ ಕುಡುದ್ಯಲ್ಲ, ಆಗೆಲ್ಲ ಏಳ್ಬೇಕು ಅನ್ನುಸ್ನಿಲ್ವ ನಿಂಗೆ? ಊರೆಲ್ಲ ಸೇರ್ದಾಗ ನೆಪ್ಪಾಯ್ತಾ? ನನ್ ಕೈ ತೋರ್ಸಿ ಕೇಬಲ್ ಗೆದ್ಕಂಡೆ ಕಣ್ಲಾ ನೀನು. ನನ್ ಒಂದ್ ಮಾತ್ ಕೇಳ್ದೆಯ?”

ರುದ್ರಸ್ವಾಮಿ ಸಭೆಯಲ್ಲಿ ಹೇಳಿ ಹಗುರಾದೆ ಎಂದುಕೊಂಡಿದ್ದ. ತಾನು ಇಳಿಸಿದ ಭಾರ ಯಾರ ಹೆಗಲಿಗೆ ಹೋಯಿತು ಎಂದು ಯೋಚಿಸಿರಲಿಲ್ಲ.

“ಕೇಳಿದ್ರೆ ಏನ್ ಏಳ್ತಿದ್ದೆ?” ಎಂದ ಕೊನೆಗೆ.

ಕಂಠಪ್ಪ ಹಗ್ಗವನ್ನು ಪಕ್ಕಕ್ಕಿಟ್ಟ. “ಕರೆಂಟ್ ಕಂಬದ್ ಮ್ಯಾಲೆ ನೂಲಿಂದೇ ಆಕು ಅಂತಿದ್ದೆ. ಅದ್ರಲ್ಲಿ ಎಲ್ಡ್ ಮಾತಿಲ್ಲ. ಆದ್ರೆ ನಮ್ಮೂರ್ ದಾರೀಲಿ ಕರೆಂಟ್ ಕಂಬ ಎಲ್ಲಿ ಅವೆ? ಕೋಡಿಗಂಟ ಬಂದು ಲೈನು ಎಡಕ್ಕೆ ಓಯ್ತದೆ. ನಮ್ಮೂರ್ಗೆ ಕರೆಂಟ್ ಬರಾದು ಆಕಡೆ ದಿಕ್ಕಿಂದ. ಕೋಡಿಯಿಂದ ಇಲ್ಲಿಗಂಟ ಬರೀ ಗದ್ದೆ ಬದ. ಅಲ್ಲಿ ನಾವೇ ಕಂಬ ನೆಟ್ಕಂಡು ಆ ಉಕ್ಕಿನ್ ಕೇಬಲ್ಲೇ ಎಳುದ್ರೆ ಏನಾಯ್ತದೆ? ಮೊದ್ಲ ಕಂಬದಲ್ಲೇ ಉಕ್ಕುನ್ನ ಕತ್ತರಿಸಿ ನಿಲ್ಸು. ಆ ಕಡೆ ನೂಲು, ಈ ಕಡೆ ಉಕ್ಕು. ಎಲ್ಡೂ ತುದೀಲಿ ಅರ್ಥ್ ಕೊಡು, ತಾಮ್ರ ಬ್ಯಾಡ, ಕಬ್ಬಿಣದ್ ಪಟ್ಟಿ ಇಳಿಸು, ಅದುನ್ಯಾರೂ ಕದಿಯಾಕಿಲ್ಲ. ಎಷ್ಟ್ ದೂರ ಇದ್ದಾತು ಇದು?”

ರುದ್ರಸ್ವಾಮಿ ನೋಟ್‌ಬುಕ್ಕು ತೆಗೆಯಬೇಕಾಗಿರಲಿಲ್ಲ, ಆ ದಾರಿಯ ಹೆಜ್ಜೆಗಳು ಕಾಲಿಗೇ ನೆನಪಿದ್ದವು. ಮೂರು ದಿನ ನಡೆದು ಬರೆದುಕೊಂಡವನಿಗೆ ಇದು ಕಾಣಲಿಲ್ಲ. ಉಕ್ಕು ಎಂದ ಕೂಡಲೇ ಅವನ ಕಣ್ಣು ಮುಚ್ಚಿಹೋಗುತ್ತಿತ್ತು. ಕೈ ಕಳೆದುಕೊಂಡವನ ಕಣ್ಣು ಮಾತ್ರ ತೆರೆದೇ ಇತ್ತು.

“ಸಭೇಲಿ ನೀನೇ ಏಳು ಇದುನ್ನ,” ಎಂದ.

“ಏಳ್ತೀನಿ. ನಿನ್ ಜೊತೆ ಬರಾಕಿಲ್ಲ. ನಾನೇ ಬತ್ತೀನಿ,” ಅಂದ ಕಂಠಪ್ಪ.

ಹಾಗೆಯೇ ಬಂದ. ಮಲ್ಲಾಜಮ್ಮ ಅವನ ಜೊತೆಯಲ್ಲಿ ಬಂದರು, ಸಭೆ ಒಪ್ಪಿತು. ತೊರೆಕೊಪ್ಪಲಿನವರು ತಮ್ಮ ತಮ್ಮ ಹೊಲದ ಅಂಚಿನ ನೀಲಗಿರಿ ಮರಗಳನ್ನು ಕಡಿದು, ಬುಡಕ್ಕೆ ಟಾರು ಬಳಿದು, ಬದುಗಳ ಮೇಲೆ ತಾವೇ ನೆಟ್ಟರು. ಅಷ್ಟುದ್ದದ ಉಕ್ಕಿನ ಕೇಬಲ್ಲು ಕೊಡಿಸಲು ಮೇಷ್ಟ್ರು ಟ್ರಸ್ಟಿನವರ ಬಾಗಿಲಿಗೆ ನಾಲ್ಕು ಸಲ ಅಲೆದು ಸುಸ್ತಾದರು. ಅದು ಬರುವಾಗ ದೀಪಾವಳಿ ಕಳೆದಿತ್ತು. ಕಂಠಪ್ಪ ಕೆಳಗೆ ನಿಂತು ಕೆಲಸ ಮಾಡಿಸಿದ. ಅವನ ಮಾತಿಗೆ ಕೆಲಸಗಾರರು ಎದುರಾಡಲಿಲ್ಲ. ಸಂಪರ್ಕ ಬಂದ ದಿನ ಮಲ್ಲಾಜಮ್ಮ ಹಾಲಿನ ಸಂಘದ ಕಂಪ್ಯೂಟರಿನ ಮುಂದೆ ಕೂತು, ಹರಾಜಿನ ಬೆಲೆ ತೋರಿಸಿ ಎಂದು ಕೇಳಿ, ನೋಡಿ, “ಇಷ್ಟೇನಾ? ಇದುನ್ನ ನೋಡಾಕೆ ಇಷ್ಟೆಲ್ಲ ಮಾಡಿದ್ವಾ?” ಎಂದರು. ಬೆಲೆ ಆ ವಾರ ಬಿದ್ದುಹೋಗಿತ್ತು. ಆದರೂ ಮಾರನೆಯ ದಿನ ಅದೇ ಹೊತ್ತಿಗೆ ಬಂದು ಕೂತರು.

ಮುಂದಿನ ಮೇ ತಿಂಗಳಲ್ಲಿ ಸಂತೆಬೀದಿಯಲ್ಲಿ ಕರೆಂಟಿನ ತಂತಿ ಗಾಳಿಗೆ ಹರಿದು ಸಮಿತಿಯ ಕೇಬಲ್ಲಿನ ಮೇಲೆ ಬಿತ್ತು. ಆ ಹೊತ್ತಿನಲ್ಲಿ ಅದೇ ಕೇಬಲ್ಲಿನ ತುದಿಯನ್ನು ದೂರವಾಣಿ ಕಚೇರಿಯೊಳಗೆ ರುದ್ರಸ್ವಾಮಿಯೇ ಕೈಯಲ್ಲಿ ಹಿಡಿದು ಡಬ್ಬಿಗೆ ಕೂರಿಸುತ್ತಿದ್ದ. ಬೀದಿಯಲ್ಲಿ ತೊಗಲು ಕರಗಿ ಒಂದು ಗೇಣು ಕೇಬಲ್ಲು ಸುಟ್ಟಿತು. ಅಷ್ಟೇ ಆದದ್ದು. ವಿಷಯ ಅವನಿಗೆ ಗೊತ್ತಾದದ್ದು ಅರ್ಧ ಗಂಟೆ ಬಿಟ್ಟು, ‘ನೆಟ್ಟು ಹೋಗಿದೆ, ಏನ್ ಮಾಡ್ತಾ ಇದೀರಿ’ ಎಂದು ಯಾರೋ ಫೋನಿನಲ್ಲಿ ರೇಗಿದಾಗ. ಎರಡು ದಿನ ಊರಿನವರ ಬೈಗುಳ ತಿಂದ. ಯಾಕೆ ಯಾರಿಗೂ ಏನೂ ಆಗಲಿಲ್ಲ ಎಂದು ಯಾರೂ ಕೇಳಲಿಲ್ಲ. ಅವನೂ ಹೇಳಲು ಹೋಗಲಿಲ್ಲ.

ಕಂಠಪ್ಪ ಟಿವಿ ಆಫೀಸಿಗೆ ಮತ್ತೆ ಬರಲೇ ಇಲ್ಲ. ತೊರೆಕೊಪ್ಪಲಿನ ಲೈನು ನೋಡಿಕೊಳ್ಳುವ ಕೆಲಸವನ್ನು ಸಮಿತಿಯೇ ಅವನಿಗೆ ಕೊಟ್ಟಿತು. ರುದ್ರಸ್ವಾಮಿ ಆ ಕೋಣೆಯಲ್ಲಿ ಒಬ್ಬನೇ ಕೂತು ಸಮಿತಿಯ ಡಬ್ಬಿಗಳನ್ನು ಕಾಯುತ್ತಿದ್ದ. ಬೆಳಗ್ಗೆ ಏಳಕ್ಕೆ ಫೋನು ಬರುತ್ತಿತ್ತು. “ಲೈಟ್ ಬಂತಾ?” ಎನ್ನುತ್ತಿದ್ದ ಕಂಠಪ್ಪ. ಡಬ್ಬಿಯ ಮೇಲೆ ತೊರೆಕೊಪ್ಪಲಿನ ಲೈನಿನ ಹಸಿರು ದೀಪ ನೋಡಿ, “ಬಂತು,” ಎನ್ನುತ್ತಿದ್ದ ರುದ್ರಸ್ವಾಮಿ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅದಕ್ಕಿಂತ ಹೆಚ್ಚು ಆಡಲು ಇಬ್ಬರಿಗೂ ಆಗಲಿಲ್ಲ.

ಒಂದು ದಿನ ಏಳೂವರೆಯಾದರೂ ಫೋನು ಬರಲಿಲ್ಲ. ಹಸಿರು ದೀಪವೇನೋ ಉರಿಯುತ್ತಲೇ ಇತ್ತು. ರುದ್ರಸ್ವಾಮಿ ಎರಡು ಸಲ ಹೊರಗೆ ಬಂದು ಕೆರೆಯ ಕಡೆ ನೋಡಿ, ಕೊನೆಗೆ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕಿಳಿದಾಗ ಫೋನು ಬಡಿದುಕೊಂಡಿತು.

“ಯಾಕ್ಲಾ ಇಷ್ಟೊತ್ತು?” ಎಂದ, ಲೈಟಿನ ಮಾತು ಮರೆತು.

“ಕೊಟ್ಟಿಗೇಲಿ ಅಸ ಕರೀತಿದ್ದೆ,” ಅಂದ ಕಂಠಪ್ಪ. “ಒಂದ್ ಕೈಯಲ್ಲಿ ನಿಧಾನ ಆಯ್ತದೆ.” ಆಮೇಲೆ, “ಲೈಟ್ ಬಂತಾ?” ಎಂದು ಕೇಳಿದ.